ಜೀವ ಉಳಿಯಿತು, ನೆನಪು ಯಾರ ಹೊಣೆ?

ತೀವ್ರ ನಿಗಾ ಘಟಕದಿಂದ ರೋಗಿ ಹೊರಬಂದಾಗ ಕುಟುಂಬ ನಿಟ್ಟುಸಿರು ಬಿಡುತ್ತದೆ. ಆಸ್ಪತ್ರೆಯ ಕಡತದಲ್ಲಿ ಚಿಕಿತ್ಸೆ ಯಶಸ್ವಿಯಾಗಿ ಮುಗಿದಿರುತ್ತದೆ. ಆದರೆ ದಿನಗಟ್ಟಲೆ ವೆಂಟಿಲೇಟರ್ ಆಸರೆಯಲ್ಲಿದ್ದು ಬದುಕಿ ಬಂದ ಅನೇಕರಿಗೆ ಮನೆಯ ಹೊಸ್ತಿಲು ದಾಟಿದ ಮೇಲೆಯೇ ಇನ್ನೊಂದು ತೊಡಕು ಆರಂಭವಾಗುತ್ತದೆ. ಹೇಳಿದ ಮಾತು ನೆನಪಿನಲ್ಲಿ ಉಳಿಯುವುದಿಲ್ಲ, ಸಣ್ಣ ಲೆಕ್ಕವೂ ತಪ್ಪುತ್ತದೆ, ಹಿಡಿದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ಹೆಸರಿದೆ ಎಂಬುದೇ ಬಹುತೇಕ ಕುಟುಂಬಗಳಿಗೆ ತಿಳಿದಿಲ್ಲ.

ವೈದ್ಯಲೋಕ ಇದನ್ನು ‘ಐಸಿಯು ನಂತರದ ಲಕ್ಷಣಕೂಟ’ ಎಂದು ಗುರುತಿಸಿದೆ. ಅಮೆರಿಕದ ತೀವ್ರ ನಿಗಾ ತಜ್ಞರ ಸಂಘ 2010ರಲ್ಲಿ ನಡೆಸಿದ ಸಮಾಲೋಚನೆಯಲ್ಲಿ ಈ ಹೆಸರು ರೂಪುಗೊಂಡು 2012ರಲ್ಲಿ ಪ್ರಕಟವಾಯಿತು. ದೇಹದ ನಿಶ್ಶಕ್ತಿ, ಮನಸ್ಸಿನ ಕಳವಳ ಮತ್ತು ಬುದ್ಧಿಶಕ್ತಿಯ ಕುಗ್ಗುವಿಕೆ ಇದರ ಮೂರು ಮುಖಗಳು. 2013ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನ ಈ ಮೂರನೆಯ ಮುಖದ ಗಾತ್ರವನ್ನು ತೋರಿಸಿತು. ಅಧ್ಯಯನಕ್ಕೆ ಒಳಪಟ್ಟ 821 ರೋಗಿಗಳಲ್ಲಿ ಶೇ. 74ರಷ್ಟು ಮಂದಿಗೆ ಆಸ್ಪತ್ರೆಯಲ್ಲಿದ್ದಾಗ ಸನ್ನಿ ಕಾಣಿಸಿಕೊಂಡಿತ್ತು. ಮೂರು ತಿಂಗಳ ನಂತರ ಪರೀಕ್ಷೆಗೆ ಒಳಗಾದವರಲ್ಲಿ ಶೇ. 40ರಷ್ಟು ಜನರ ಬುದ್ಧಿಶಕ್ತಿ, ತಲೆಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ಒಂದು ವರ್ಷ ಕಳೆದರೂ ಈ ಪ್ರಮಾಣ ಶೇ. 34ಕ್ಕೆ ಮಾತ್ರ ಇಳಿದಿತ್ತು. ಸನ್ನಿಯ ಅವಧಿ ದೀರ್ಘವಾದಷ್ಟೂ ಹಾನಿ ಹೆಚ್ಚು. ಇದು ವೃದ್ಧರಿಗೆ ಮಾತ್ರ ಸೀಮಿತವಲ್ಲ ಎಂಬುದು ಗಮನಾರ್ಹ.

ಈ ಅಂಕಿಅಂಶಗಳನ್ನು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಹಲಗೂರಿನಂತಹ ಊರಿನಲ್ಲಿ ನಿಂತು ನೋಡಬೇಕು. ಕನಕಪುರ ದಾಟಿ ಕೊಳ್ಳೇಗಾಲದತ್ತ ಸಾಗುವ ಹೆದ್ದಾರಿಯಲ್ಲಿ, ಮುತ್ತತ್ತಿಯ ದಾರಿ ಕವಲೊಡೆಯುವ ಹೋಬಳಿ ಕೇಂದ್ರ ಇದು. ಹೆದ್ದಾರಿಯ ಅಪಘಾತ, ಹೊಲದಲ್ಲಿ ಹಾವು ಕಡಿತ, ಕೀಟನಾಶಕದ ವಿಷ ಇವೇ ಇಂತಹ ಪ್ರದೇಶದ ಜನರನ್ನು ವೆಂಟಿಲೇಟರ್‌ವರೆಗೆ ಒಯ್ಯುವ ಕಾರಣಗಳು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ರಾಜ್ಯ ಸರ್ಕಾರ 2024ರಲ್ಲಿ ಘೋಷಿಸಿದ್ದು ಸುಮ್ಮನೆ ಅಲ್ಲ. ರೋಗಿಯನ್ನು ಮಂಡ್ಯಕ್ಕೋ ಮೈಸೂರಿಗೋ ಬೆಂಗಳೂರಿಗೋ ಕರೆದೊಯ್ಯಲಾಗುತ್ತದೆ. ಜೀವ ಉಳಿಸುವ ಸಾಮರ್ಥ್ಯ ಮೊದಲಿಗಿಂತ ಹತ್ತಿರ ಬಂದಿದೆ. ಮಂಡ್ಯದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಕೋವಿಡ್ ವರ್ಷಗಳಲ್ಲಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಐಸಿಯು ಹಾಸಿಗೆಗಳು ಹೆಚ್ಚಿದವು.

ಇಲ್ಲಿ ಎದುರಾಗುವ ಪ್ರಶ್ನೆ ಬೇರೆ. ಬದುಕಿ ಊರಿಗೆ ಮರಳಿದವನು ಡೇರಿಯ ಹಾಲಿನ ಲೆಕ್ಕ ತಪ್ಪಿದರೆ, ಮಾತ್ರೆ ನುಂಗಿದ್ದನ್ನು ಮರೆತು ಮತ್ತೆ ನುಂಗಿದರೆ, ಓದಿ ಅರ್ಥ ಮಾಡಿಕೊಳ್ಳದೆ ಸಾಲದ ಪತ್ರಕ್ಕೆ ಸಹಿ ಹಾಕಿದರೆ ಅದನ್ನು ರೋಗವೆಂದು ಗುರುತಿಸುವವರು ಯಾರು? ‘ಆಸ್ಪತ್ರೆಯಿಂದ ಬಂದ ಮೇಲೆ ಸೋಮಾರಿಯಾದ’ ಎಂಬ ದೂರು, ‘ಗಾಳಿ ಸೋಕಿದೆ’ ಎಂಬ ಶಂಕೆ ಆ ಜಾಗವನ್ನು ತುಂಬುತ್ತವೆ. ಗುರುತಿಸದ ಕಾಯಿಲೆ ಮನೆಯೊಳಗೆ ಜಗಳವಾಗಿ ಬೆಳೆಯುತ್ತದೆ.

ಕುಟುಂಬವೂ ಈ ಕಾಯಿಲೆಯ ಹೊರಗಿಲ್ಲ. ಐಸಿಯು ರೋಗಿಗಳ ಬಂಧುಗಳಲ್ಲಿ ಮೂರು ತಿಂಗಳ ಬಳಿಕ ಮೂರರಲ್ಲೊಬ್ಬರಿಗೆ ಆಘಾತೋತ್ತರ ಒತ್ತಡದ ಲಕ್ಷಣಗಳಿದ್ದವು ಎಂದು ಫ್ರಾನ್ಸ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ನಮ್ಮಲ್ಲಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಚಾಪೆ ಹಾಸಿ ಮಲಗಿ, ಸಾಲ ಮಾಡಿ, ಊರಿಗೆ ಬಂದ ಮೇಲೆ ಆರೈಕೆಯ ಭಾರವನ್ನೂ ಹೊರುವವರು ಇವರೇ.

ಹಾಗಾದರೆ ಮಾಡಬಹುದಾದದ್ದೇನು? 2012ರಲ್ಲಿ ಅಮೆರಿಕದಲ್ಲಿ 21 ಐಸಿಯು ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಮನೆಯಲ್ಲೇ 12 ವಾರ ನೀಡಿದ ಅರಿವಿನ ಮತ್ತು ದೈಹಿಕ ತರಬೇತಿಯಿಂದ ಯೋಜಿಸಿ ಕೆಲಸ ಮಾಡುವ ಶಕ್ತಿ ಸುಧಾರಿಸಿತು. ಪ್ರಯೋಗ ಚಿಕ್ಕದು, ಅದನ್ನೇ ಅಂತಿಮ ಸಾಕ್ಷ್ಯ ಎನ್ನಲಾಗದು. ಆದರೆ ದಾರಿ ಸ್ಪಷ್ಟವಾಗಿದೆ. ಆ ದಾರಿ ಕರ್ನಾಟಕಕ್ಕೆ ಹೊಸತೂ ಅಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಇಂತಹ ತರಬೇತಿ ನೀಡುತ್ತ ಬಂದಿದ್ದಾರೆ. ಸ್ಕಿಜೋಫ್ರೇನಿಯಾದ ಮೊದಲ ಹಂತದ 45 ರೋಗಿಗಳ ಮೇಲೆ ಅವರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತರಬೇತಿ ನಡೆದದ್ದು ಮನೆಯಲ್ಲೇ. ಬೆರೆಸಿದ ಕಾಳುಗಳನ್ನು ಬೇರೆ ಬೇರೆ ಮಾಡುವುದು, ಅಕ್ಷರಗಳ ಸಾಲಿನಲ್ಲಿ ಗೊತ್ತುಪಡಿಸಿದ ಅಕ್ಷರವನ್ನು ಹುಡುಕಿ ಹೊಡೆದುಹಾಕುವುದು ಇಂತಹ ತರಬೇತಿಯ ಪರಿಚಿತ ಅಭ್ಯಾಸಗಳು. ಐಸಿಯು ರೋಗಿಗಳಿಗೆ ಇದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಆದರೆ ಅವರೆ, ಹುರುಳಿ, ಅಲಸಂದೆ ಇಲ್ಲದ ಮನೆ ಹಲಗೂರಿನಲ್ಲಿ ಯಾವುದಿದೆ?

ವ್ಯವಸ್ಥೆಯೂ ಪೂರ್ಣ ಇಲ್ಲವೆಂದಲ್ಲ. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಪ್ರಯೋಗದ ಬಳಿಕ ಜಿಲ್ಲಾ ಆಸ್ಪತ್ರೆಗಳತ್ತ ವಿಸ್ತರಿಸಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರು ರೋಗಿಗಳನ್ನು ನೋಡುವ ‘ಮನೋಚೈತನ್ಯ’ ಯೋಜನೆ 2014ರದು. ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ಕುಟುಂಬದವರ ಕಳವಳಕ್ಕೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. ಇಲ್ಲದಿರುವುದು ಇವೆಲ್ಲವನ್ನೂ ಐಸಿಯು ರೋಗಿಯೊಡನೆ ಬೆಸೆಯುವ ಕೊಂಡಿ. ಆಯುಷ್ಮಾನ್ ಭಾರತ್ ನಿಯಮಾವಳಿ ಬಿಡುಗಡೆಯ ನಂತರದ 15 ದಿನಗಳ ವೆಚ್ಚವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತದೆ. ಮರೆವಿನ ಲೆಕ್ಕ ತಿಂಗಳು, ವರ್ಷಗಳದು.

ಕೊಂಡಿ ಬೆಸೆಯಲು ದೊಡ್ಡ ಕಟ್ಟಡ ಬೇಕಿಲ್ಲ. ವೆಂಟಿಲೇಟರ್‌ನಲ್ಲಿದ್ದ ದಿನಗಳೆಷ್ಟು, ಸನ್ನಿ ಬಂದಿತ್ತೇ, ಮುಂದೆ ಯಾವ ಲಕ್ಷಣ ಕಂಡರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಬಿಡುಗಡೆ ಪತ್ರದಲ್ಲಿ ಕನ್ನಡದಲ್ಲಿ ಬರೆಯಬೇಕು. ಮೂರನೆಯ ತಿಂಗಳಲ್ಲಿ ಮಳವಳ್ಳಿಯಂತಹ ತಾಲ್ಲೂಕು ಆಸ್ಪತ್ರೆಯಲ್ಲೇ ನೆನಪಿನ ಸರಳ ಪರೀಕ್ಷೆ ನಡೆಯಬೇಕು. ಐಸಿಯು ಒಳಗೆ ರೋಗಿಯ ಕನ್ನಡಕ, ಕಣ್ಣಿಗೆ ಬೀಳುವ ಗಡಿಯಾರ, ಮನೆಯವರ ಮಾತು ಇವಕ್ಕೆ ಅವಕಾಶವಿರಬೇಕು. ಸನ್ನಿ ತಡೆಯಲು ವೈದ್ಯರೇ ಶಿಫಾರಸು ಮಾಡುವ ಕ್ರಮಗಳು ಇವು.

ಎಷ್ಟು ಜನ ಬದುಕಿದರು ಎಂದು ಸರ್ಕಾರ ಎಣಿಸುತ್ತಿದೆ. ಬದುಕಿದವರಲ್ಲಿ ಎಷ್ಟು ಮಂದಿ ತಮ್ಮ ಕೆಲಸಕ್ಕೆ ಮರಳಿದರು ಎಂಬುದನ್ನೂ ಎಣಿಸಲು ಆರಂಭಿಸಿದ ದಿನ ಈ ಕಾಯಿಲೆ ಆರೋಗ್ಯ ಇಲಾಖೆಯ ಕಣ್ಣಿಗೆ ಬೀಳುತ್ತದೆ. ಅಲ್ಲಿಯವರೆಗೆ ಅದರ ಹೊರೆ ಹಲಗೂರಿನಂತಹ ಊರುಗಳ ಮನೆಗಳೊಳಗೇ ಉಳಿಯಲಿದೆ.