ಫ್ಯಾನು ತಿರುಗ್ತಾವ, ನಮ್ಮ ಸಂಘಟನೆ ತಿರುಗವಲ್ದು



2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಗೆ ಪೋಸ್ಕೋ ಬರುತ್ತೆ ಅಂದಾಗ ಎದುರಾಳಿ ಕಣ್ಣಿಗೆ ಕಾಣ್ತಿದ್ದ. ಒಂದೇ ಕಂಪನಿ, ಒಮ್ಮೆಲೇ ಸಾವಿರಾರು ಎಕರೆ. ರೈತರು ಎದ್ದರು, ತೋಂಟದ ಸಿದ್ಧಲಿಂಗ ಶ್ರೀಗಳು ಮುಂದೆ ನಿಂತರು, ಯೋಜನೆ ವಾಪಸ್ ಹೋಯಿತು.

ಗಾಳಿ ಫ್ಯಾನಿನ ಕಂಪನಿ ಹಂಗ ಬರಂಗಿಲ್ಲ. ಇಲ್ಲಿ ಎರಡೆಕರೆ, ಅಲ್ಲಿ ಮೂರೆಕರೆ. ಏಜೆಂಟ್ ಮನಿ ಕಟ್ಟಿಮ್ಯಾಲೆ ಕುಂತು ಒಬ್ಬೊಬ್ಬರ ಹತ್ತಿರ ಬೇರೆ ಬೇರೆ ಸಹಿ ಹಾಕಿಸ್ಕೊಂಡು ಹೋಗ್ತಾನ. ಧರಣಿ ಯಾರ ಬಾಗಿಲಿಗೆ ಕೂಡೋದು? ನಾವು ಮಾತ್ರ ಇನ್ನೂ ತಹಸೀಲ್ದಾರರಿಗೆ ಮನವಿ ಕೊಟ್ಟು ಫೋಟೋ ಹಾಕ್ತೀವಿ. (ನಾನೂ ಹಾಕೀನಿ, ಲೈಕೂ ಬಂದಾವ.)

ನಮ್ಮ ಕೇರಿಯಲ್ಲಿ ಜಮೀನು ಇರೋರೇ ಕಡಿಮೆ. ಇದ್ದವರದು ಬಹುಪಾಲು ಸರ್ಕಾರ ಮಂಜೂರು ಮಾಡಿದ್ದು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಇಂಥ ಜಮೀನಿನ 'ಪರಭಾರೆ' ಅಂದ್ರೆ ಮಾರಾಟ ಅಷ್ಟೇ ಅಲ್ಲ. ಅಡಮಾನ, ಲೀಸು ಎಲ್ಲಾ ಸೇರುತ್ತೆ. ಸರ್ಕಾರದ ಮುಂಚಿತ ಅನುಮತಿ ಬೇಕೇ ಬೇಕು. ಅರ್ಜಿಗೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ತರಿಸೋಕೆ ನಮ್ಮವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಕೂತರು. ಆದ್ರ ಲೀಸ್ ಕಾಗದ ಓದಿ 'ಅನುಮತಿ ಎಲ್ಲೈತಿ?' ಅಂತ ಕೇಳೋರು ಶಿರಹಟ್ಟಿ, ಲಕ್ಷ್ಮೇಶ್ವರದ ನಮ್ಮ ಶಾಖೆಗಳಲ್ಲಿ ಎಷ್ಟು ಮಂದಿ?

ಜಮೀನೇ ಇಲ್ಲದವರ ಕಥೆ ಇನ್ನೂ ಕಷ್ಟ. ಬಾಡಿಗೆ ಹೊಲದ ಮಾಲೀಕನಿಗೆ. ಅದೇ ಹೊಲದಾಗ ಕಳೆ ತೆಗೀತಿದ್ದ ಅವ್ವಗ ಏನೂ ಇಲ್ಲ, ಆಕಿ ಹೆಸರು ಯಾವ ಕಾಗದದಾಗೂ ಇಲ್ಲ. ಫ್ಯಾನಿನ ಬುಡದಲ್ಲಿ ರಾತ್ರಿ ವಾಚ್‌ಮನ್ ಆಗಿರೋ ಹುಡುಗ ಗುತ್ತಿಗೆದಾರನ ಕೆಳಗಿನ ಗುತ್ತಿಗೆದಾರನ ಆಳು. ಪಿಎಫ್ ನಂಬರ್ ಕೇಳಿದ್ರ ನಗ್ತಾನ. ಇವರಿಬ್ಬರೂ ನಮ್ಮ ಸದಸ್ಯರಾಗಬೇಕಿತ್ತು.

ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು, ಅವರ ಸಂಗಾತಿಗಳು 70ರ ದಶಕದಲ್ಲಿ ದಸಂಸ ಕಟ್ಟಿದಾಗ ಆ ಕಾಲಕ್ಕೆ ತಕ್ಕ ದಾರಿ ತಾವೇ ಹುಡುಕಿದರು. ನಾವು ಅವರ ಘೋಷಣೆ ಉಳಿಸಿಕೊಂಡ್ವಿ, ಹುಡುಕೋದನ್ನ ಬಿಟ್ವಿ. ಮೊಬೈಲಿನಲ್ಲೇ ಪಹಣಿ ತೆಗೆದು ಓದಿ ಹೇಳೋ ಬೆಟಗೇರಿಯ ತಂಗಿ ಸಮಿತಿಯೊಳಗಿಲ್ಲ. ಒಳಗಿರೋ ನಾವು ಪಹಣಿಯ ಹನ್ನೊಂದನೇ ಕಾಲಂ ಯಾವುದು ಅಂತ ಆಕಿನ್ನೇ ಕೇಳ್ತೀವಿ! ನಾನು ನನ್ನ ಸ್ಥಾನ ಬಿಡ್ತೀನಿ, ಆಕಿ ಬರಲಿ. ಹಿರಿಯರು ಸಿಟ್ಟಾದರೆ ಆಗಲಿ.

ಮುಂದಿನ ಸಭೆಗೆ ಹಾರ, ಶಾಲು ಬ್ಯಾಡ್ರಿ. ಮಂಜೂರಾತಿ ಆದೇಶ, ಪಹಣಿ, ಸಹಿ ಮಾಡಿದ ಲೀಸ್ ಕಾಗದದ ಝೆರಾಕ್ಸ್ ತರ್ರಿ. ಇನ್ನೂ ಸಹಿ ಮಾಡಿಲ್ಲಾಂದ್ರ, ಸಭೆ ಮುಗಿಯೋತನಕ ಮಾಡಬ್ಯಾಡ್ರಿ.