ಬ್ಯಾಕಪ್ ಇದೆ ಎಂಬ ಅಭಯವಚನ

ಯಾವುದೇ ಕಚೇರಿಯಲ್ಲಿ ಹೊಸ ಸಾಫ್ಟ್‌ವೇರ್ ಅಳವಡಿಸುವಾಗ ಜನರಿಗೆ ನೀಡುವ ಅಭಯವಚನವೊಂದಿದೆ: “ಹೆದರಬೇಡಿ, ಬ್ಯಾಕಪ್ ಇದೆ.” ವಾರ ಕಳೆದ ಮೇಲೆ ಅದೇ ಬಾಯಿಂದ ಬರುವ ಮಾತು: “ಹಳೆಯ ಮಾಹಿತಿ ಇನ್ನೂ ಬಂದಿಲ್ಲ, ಸೋಮವಾರ ಬನ್ನಿ.” ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಒಂದು ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಂತವನಿಗೆ ಈ ಎರಡು ಮಾತುಗಳ ನಡುವಿನ ಅಂತರವೇ ಶಿಕ್ಷೆ. ಬ್ಯಾಕಪ್ ಇರುವುದು ಬೇರೆ, ಅದರಿಂದ ಮಾಹಿತಿಯನ್ನು ಮರಳಿ ಪಡೆಯುವುದು ಬೇರೆ. ಮರಳಿ ಪಡೆದು ತೋರಿಸದ ಪ್ರತಿಯನ್ನು ಪ್ರತಿಯೆಂದು ಒಪ್ಪಲೇಬಾರದೆಂಬುದು ನನ್ನ ವಾದ.

ಕೊಪ್ಪಳದವರಿಗೆ ಇದು ಹೊಸ ಪಾಠವಲ್ಲ. ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಅಕ್ಷರಗಳು ಕಲ್ಲಿನ ಮೇಲೆ ಭದ್ರವಾಗಿದ್ದವು. ಓದುವ ವಿದ್ಯೆ ಮಾತ್ರ ಮರೆಯಾಗಿತ್ತು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗಂಟನ್ನು ಬಿಡಿಸುವವರೆಗೆ ಅಂಥ ಬರಹಗಳೆಲ್ಲ ಬರಿಯ ಗೀರುಗಳು. ನಿಜಾಮರ ಕಾಲದ ಉರ್ದು ಕಾಗದಗಳ ಕಥೆಯೂ ಅಷ್ಟೇ. ೧೯೫೬ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವನ್ನು ಓದಬಲ್ಲವರು ಕಡಿಮೆಯಾಗುತ್ತ ಬಂದರು. ಉಳಿದಿದೆ ಎಂಬುದಕ್ಕೂ ಓದಬರುತ್ತದೆ ಎಂಬುದಕ್ಕೂ ಇರುವ ಭೇದ ಇದು.

ಗಣಕದ ದತ್ತಾಂಶಕ್ಕೆ ಈ ಗತಿ ಒದಗಲು ಶತಮಾನಗಳು ಬೇಕಿಲ್ಲ, ಒಂದು ರಾತ್ರಿ ಸಾಕು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಅನ್ನೇ ನೋಡಿ. ಹಳೆಯ ಆವೃತ್ತಿಯ ಬ್ಯಾಕಪ್ಪನ್ನು ಹೊಸದರಲ್ಲಿ ತೆರೆದಾಗ ಅದರ ಒಳರಚನೆಯೇ ಮಾರ್ಪಡುತ್ತದೆ. ಆಮೇಲೆ ತೆಗೆದ ಬ್ಯಾಕಪ್ ಹಳೆಯದರಲ್ಲಿ ತೆರೆಯುವುದಿಲ್ಲ. ಹಿಂದಿರುಗಬೇಕೆಂದರೆ ಬದಲಾವಣೆಗೆ ಮುಂಚಿನ ಪ್ರತಿಯೇ ಗತಿ. ನಡುವಿನ ದಿನಗಳ ನಮೂದುಗಳನ್ನು ಮತ್ತೆ ಬರೆಯಬೇಕು. ಪೋಸ್ಟ್‌ಗ್ರೆಸ್‌ನಲ್ಲಂತೂ ಒಂದು ಪ್ರಮುಖ ಆವೃತ್ತಿಯ ಕಡತಗಳನ್ನು ಮುಂದಿನದು ನೇರವಾಗಿ ಓದುವುದೇ ಇಲ್ಲ. ಇವು ಗುಟ್ಟುಗಳಲ್ಲ, ತಯಾರಕರ ಕೈಪಿಡಿಗಳಲ್ಲಿಯೇ ಇವೆ. ಹೀಗಿರುವಾಗ ‘ತಾಂತ್ರಿಕ ದೋಷ’ ಎನ್ನುವುದು, ಪಾಠ ಓದದೆ ಬಂದವನು ಪ್ರಶ್ನೆಪತ್ರಿಕೆಯನ್ನು ದೂರಿದಂತೆ.

ನಮ್ಮ ರಾಜ್ಯವೇ ಇದನ್ನು ಕ್ರಮವಾಗಿ ಮಾಡಿದ ಉದಾಹರಣೆಯೂ ಇದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. ಮುದ್ರಿಸಿದ ಹಾಳೆಗಳನ್ನು ಗ್ರಾಮಲೆಕ್ಕಿಗರು ಕೈಬರಹದ ದಾಖಲೆಯೊಡನೆ ತಾಳೆ ನೋಡಿದರು; ಕೈಬರಹದ ಪಹಣಿಯ ಮಾನ್ಯತೆ ಹೋದದ್ದು ಆನಂತರ. ಇಷ್ಟಾದರೂ ೩ನೇ ಕಲಮಿನ ವಿಸ್ತೀರ್ಣ ೯ನೇ ಕಲಮಿಗೆ ಹೊಂದದ ಪಹಣಿಗಳು ಉಳಿದವು, ತಿದ್ದುಪಡಿಗಾಗಿ ರೈತರು ಅಲೆದರು. ತಾಳೆ ನೋಡಿದಾಗಲೇ ಹೀಗಾದರೆ, ನೋಡದೆ ಬದಲಿಸುವವರ ಕೈಯಲ್ಲಿ ಏನಾದೀತು? ಪಹಣಿ ಸರಿಯಿಲ್ಲದಿದ್ದರೆ ಬೆಳೆಸಾಲ ಸಿಗುವುದು ಕಷ್ಟ. ಸಾಲ ತಡವಾದರೆ ಗಂಗಾವತಿಯ ಭತ್ತದ ನಾಟಿ ಕಾಯುವುದಿಲ್ಲ.

ಹೊಣೆಯ ಮಾತಿಗೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕನ್ನು ನೋಡಬೇಕು. ೨೦೧೮ರ ಏಪ್ರಿಲ್‌ನಲ್ಲಿ ಅದು ಗ್ರಾಹಕರ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಮಾಹಿತಿಯೇನೋ ತಲುಪಿತು, ಆದರೆ ವ್ಯವಸ್ಥೆ ಕೆಟ್ಟು ಲಕ್ಷಾಂತರ ಜನರಿಗೆ ತಮ್ಮ ಖಾತೆಯೇ ಎಟುಕದಾಯಿತು. ಎಲ್ಲವೂ ಹತೋಟಿಗೆ ಬರಲು ಡಿಸೆಂಬರ್ ಆಯಿತು. ೨೦೨೨ರಲ್ಲಿ ನಿಯಂತ್ರಕರು ಆ ಬ್ಯಾಂಕಿಗೆ ೪.೮೬೫ ಕೋಟಿ ಪೌಂಡ್ ದಂಡ ವಿಧಿಸಿದರು. ಯಂತ್ರದ ಮೇಲೆ ಯಾರೂ ದಂಡ ಹಾಕಲಿಲ್ಲವೆಂಬುದನ್ನು ಗಮನಿಸಿ.

“ಹಾಗಾದರೆ ಹಳೆಯದಕ್ಕೇ ಅಂಟಿಕೊಂಡಿರಬೇಕೇನು ಸರ್?” ಎಂದು ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವ ನನ್ನ ಶಿಷ್ಯರು ಕೇಳಬಹುದು. ಬೇಡ. ಹಳೆಯ ಆವೃತ್ತಿಗೆ ಭದ್ರತೆಯ ತಿದ್ದುಪಡಿಗಳು ನಿಂತುಹೋಗುತ್ತವೆ, ಬದಲಾವಣೆ ಅನಿವಾರ್ಯ. ಆದರೆ ಮೊದಲು ಬೇರೊಂದು ಯಂತ್ರದಲ್ಲಿ ಹೊಸ ಆವೃತ್ತಿ ಹಾಕಿ ಪ್ರತಿಯನ್ನು ತೆರೆದು ನೋಡಿ. ದಾಖಲೆಗಳ ಎಣಿಕೆ ಮತ್ತು ಮೊತ್ತ ಹೊಂದುತ್ತವೆಯೇ ಎಂದು ಪರೀಕ್ಷಿಸಿ. ನೂರು ದಾಖಲೆಗಳನ್ನಾದರೂ ಕಣ್ಣಾರೆ ತಾಳೆ ಮಾಡಿ. ಜನರು ತಮ್ಮ ತಮ್ಮ ದಾಖಲೆಯನ್ನು ಹೊಸದರಲ್ಲಿ ಕಾಣುವವರೆಗೆ ಹಳೆಯದನ್ನು ಓದಲು ಮಾತ್ರ ಬರುವಂತೆ ಉಳಿಸಿ. ತಡವಾದರೆ ಕಾರಣವನ್ನು ಲಿಖಿತವಾಗಿ ಕೊಡಿ, ಅರ್ಜಿಯ ಗಡುವನ್ನೂ ವಿಸ್ತರಿಸಿ.

ಸಾಲಿನಲ್ಲಿ ನಿಂತವರಿಗೂ ಒಂದು ಮಾತು. “ಬ್ಯಾಕಪ್ ಇದೆಯೇ?” ಎಂದು ಕೇಳಬೇಡಿ. “ಅದನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ?” ಎಂದು ಕೇಳಿ. ಉತ್ತರವಾಗಿ ಒಂದು ದಿನಾಂಕ ಬರದಿದ್ದರೆ, ಬ್ಯಾಕಪ್ ಇಲ್ಲವೆಂದೇ ತಿಳಿಯಿರಿ.