ಕಾಮಣಿ ಇಳಿದ ಮೇಲೆ ಕಿವಿಯ ಪರೀಕ್ಷೆ

ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯು ಶಿಶುವಿನ ಕಿವಿಯಲ್ಲಿ ಹೆಸರನ್ನು ಉಸುರುವುದು ನಮ್ಮ ನಾಡಿನ ರೂಢಿ. ಗುರುವು ಮಂತ್ರವನ್ನು ಅನುಗ್ರಹಿಸುವುದೂ ಕಿವಿಯಲ್ಲಿಯೇ. ನುಡಿಗೆ ಕಿವಿಯೇ ಹೆಬ್ಬಾಗಿಲು. ಹುಟ್ಟಿದ ವಾರದಲ್ಲಿ ಕಾಮಣಿಯಾದ ಕೂಸುಗಳಲ್ಲಿ ಆ ಬಾಗಿಲು ತೆರೆದಿದೆಯೇ ಎಂದು ಅರಿಯುವ ವಿಚಾರವನ್ನು ಈ ತಿಂಗಳು ಸಮಾಜಬಾಂಧವರ ಮುಂದಿಡಬಯಸುತ್ತೇವೆ.

ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿಯೂ ಅರ್ಧಕ್ಕಿಂತ ಹೆಚ್ಚಿನವರಿಗೆ ಮೊದಲ ವಾರ ಮೈ ಹಳದಿಯಾಗುತ್ತದೆ. ರಕ್ತಕಣಗಳು ಒಡೆದಾಗ ಉಂಟಾಗುವ ಬಿಲಿರುಬಿನ್ ಎಂಬ ದ್ರವ್ಯವನ್ನು ಎಳೆಯ ಯಕೃತ್ತು ಬೇಗನೆ ಹೊರಹಾಕಲಾರದು. ಬಹುತೇಕ ಮಕ್ಕಳಲ್ಲಿ ಇದು ತಾನಾಗಿಯೇ ಇಳಿಯುವುದು. ಆದರೆ ಮಿತಿಮೀರಿದರೆ ಅದು ಮಿದುಳನ್ನು ಹೊಕ್ಕು, ಶಬ್ದವನ್ನು ಒಯ್ಯುವ ನರವನ್ನೂ ಮಿದುಳಿನ ಶ್ರವಣಕೇಂದ್ರಗಳನ್ನೂ ಘಾಸಿಗೊಳಿಸುತ್ತದೆ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅದು ಅಂಗೈ ಅಂಗಾಲಿಗೆ ಇಳಿದರೆ, ಕೂಸು ಮೊಲೆಯುಣ್ಣದೆ ಮಂಕಾದರೆ, ತಡಮಾಡದೆ ರಕ್ತಪರೀಕ್ಷೆ ಮಾಡಿಸತಕ್ಕದ್ದು.

ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿಯೊಬ್ಬರು ಬಿಸಿಲು ತಾಗಿದ ಕೂಸಿನ ಮೈಹಳದಿ ತಗ್ಗಿದುದನ್ನು ಗಮನಿಸಿದರು. ಅಲ್ಲಿಯ ವೈದ್ಯರು 1958ರಲ್ಲಿ ಬೆಳಕಿನ ಚಿಕಿತ್ಸೆಯನ್ನು ಲೋಕಕ್ಕೆ ತಿಳಿಸಿದರು. ಇಂದಿನ ನೀಲಿ ದೀಪದ ಮೂಲವಿದು. ಹಾಗೆಂದು ಅಂಗಳದ ಎಳೆಬಿಸಿಲು ಅಳತೆಯಿಟ್ಟ ದೀಪಕ್ಕೆ ಸಮನಾಗದು. ಇನ್ನು ಬರೆ ಹಾಕುವುದು, ಕಣ್ಣಿಗೆ ಸೊಪ್ಪಿನ ರಸ ಹಿಂಡುವುದು ಕೂಸಿಗೆ ಹಿಂಸೆಯೇ ಹೊರತು ಮದ್ದಲ್ಲ.

ಹಳದಿ ಇಳಿಯಿತು, ದವಾಖಾನೆಯಿಂದ ಬಿಟ್ಟರು ಎಂದು ನಾವು ನಿಶ್ಚಿಂತರಾಗುತ್ತೇವೆ. ಕಿವುಡು ಕಣ್ಣಿಗೆ ಕಾಣದು. ತಟ್ಟೆ ಬಡಿದಾಗ ಕೂಸು ಬೆಚ್ಚಿದರೆ ಕಿವಿ ಸರಿಯಿದೆ ಎನ್ನುವಂತಿಲ್ಲ. ಕಂಪನಕ್ಕೂ ಅದು ಬೆಚ್ಚೀತು. ಶ್ರವಣ ತಪಾಸಣೆಯಲ್ಲಿ ಎರಡು ಬಗೆ. ಕಿವಿಯಲ್ಲಿ ಪುಟ್ಟ ಬಿರಡೆಯಿಟ್ಟು ಒಳಗಿವಿಯ ಪ್ರತಿಧ್ವನಿಯನ್ನು ಅಳೆಯುವುದು ಓಎಇ. ಹಣೆ ಹಾಗೂ ಕಿವಿಯ ಬಳಿ ತಂತಿಗಳನ್ನು ಅಂಟಿಸಿ, ಶಬ್ದವು ನರದ ಮೂಲಕ ಮಿದುಳಿಗೆ ಮುಟ್ಟುವುದನ್ನು ನೋಡುವುದು ಬೆರಾ. ಎರಡರಲ್ಲಿಯೂ ನೋವಿಲ್ಲ, ಕೂಸು ಮಲಗಿದ್ದಾಗಲೇ ಮುಗಿಯುತ್ತದೆ. ಕಾಮಣಿಯ ಪೆಟ್ಟು ಬೀಳುವುದು ನರಕ್ಕಾದ್ದರಿಂದ ಮೊದಲನೆಯದರಲ್ಲಿ ಕೂಸು ತೇರ್ಗಡೆಯಾದರೂ ಎರಡನೆಯದರಲ್ಲಿ ದೋಷ ಕಾಣಬಹುದು. ಆದುದರಿಂದ ಕಾಮಣಿ ಬಲವಾಗಿದ್ದ ಕೂಸಿಗೆ, ಅದರಲ್ಲಿಯೂ ರಕ್ತ ಬದಲಿಸಿದ ಕೂಸಿಗೆ, ಬೆರಾ ಅವಶ್ಯವೆಂದು ವೈದ್ಯರನ್ನು ಕೇಳಬೇಕು.

ನಮ್ಮ ಗಡಿಸೀಮೆಯಲ್ಲಿ ಇನ್ನೊಂದು ತೊಡಕುಂಟು. ಅಥಣಿ, ಕಾಗವಾಡ, ರಾಯಬಾಗದ ಹೆಣ್ಣುಮಕ್ಕಳ ಹೆರಿಗೆ ಮಿರಜ, ಸಾಂಗ್ಲಿಯಲ್ಲಿ ಆಗುವುದುಂಟು. ನಿಪ್ಪಾಣಿ, ಚಿಕ್ಕೋಡಿಯವರು ಕೊಲ್ಲಾಪುರಕ್ಕೆ ಹೋಗುವುದುಂಟು. ಬಾಣಂತನ ತವರಿನಲ್ಲಿ, ಮುಂದಿನ ಬಾಳು ಗಂಡನ ಮನೆಯಲ್ಲಿ. ಮರುತಪಾಸಣೆಯ ದಿನ ಇವೆರಡರ ನಡುವೆ ಕಳೆದುಹೋಗುತ್ತದೆ. ಬಿಲಿರುಬಿನ್ ಎಷ್ಟಿತ್ತು, ಎಷ್ಟು ದಿನ ದೀಪದಡಿ ಇಟ್ಟರು ಎಂಬ ಕಾಗದವು ಕೂಸಿನ ಸಂಗಡವೇ ಬರಬೇಕು. ಕುಬಸ, ಕುಂಚಿಗೆಗಳ ಜೊತೆಗೆ ಅದನ್ನೂ ಕಟ್ಟಿಕೊಡಿರೆಂದು ತವರಿನವರಲ್ಲಿ ವಿನಂತಿ.

ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ: ಇದು ತಜ್ಞರು ಹಾಕಿಕೊಟ್ಟ ಗಡುವು. ಕಾಮಣಿಯಿಂದ ಕೆಟ್ಟ ಶ್ರವಣವು ಕೆಲವರಲ್ಲಿ ಮೊದಲ ವರ್ಷದಲ್ಲಿ ಸುಧಾರಿಸುವುದೂ ಉಂಟು. ಆದ್ದರಿಂದ ಒಂದೇ ಪರೀಕ್ಷೆಗೆ ಧೃತಿಗೆಡದೆ ಮತ್ತೆ ಮತ್ತೆ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡಿನ ತಪಾಸಣೆಯೂ ಸೇರಿದೆ. ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿರಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ವಾಕ್ ಶ್ರವಣ ಸಂಸ್ಥೆಯೂ ನಮ್ಮ ನಾಡಿನದೇ.

ದೋಷ ಕಂಡುಬಂದರೆ ತಾಯಿಯನ್ನು ದೂರುವುದು ಸಲ್ಲದು. ಅದು ಆಕೆಯ ಪಾಪದ ಫಲವಲ್ಲ. ಶಾಲೆಗೆ ಹಾಕುವ ವಯಸ್ಸಿನಲ್ಲಿ "ಮಾತು ಬಂದಿಲ್ಲ" ಎಂದು ಮರುಗುವುದಕ್ಕಿಂತ ತೊಟ್ಟಿಲಲ್ಲಿರುವಾಗಲೇ ಒಂದು ದಿನದ ಪ್ರಯಾಣ ಲೇಸು. ಮನೆಯ ಹಿರಿಯರು ಮುಂದಾಗಿ ಆ ಪ್ರಯಾಣಕ್ಕೆ ಅಣಿಮಾಡಬೇಕೆಂದು ಕೋರುತ್ತೇವೆ.